ಬಣ್ಣ ಹೇಳುವುದೇನು, ಕೈ ಹೇಳುವುದೇನು? – ಲಿಯೊನಾರ್ಡೊ ಶಿಷ್ಯರ ಚಿತ್ರಗಳ ವೈಜ್ಞಾನಿಕ ಪರೀಕ್ಷೆ: ಒಂದು ವಿಮರ್ಶೆ

1958ರಲ್ಲಿ ಲಂಡನ್ನಿನ ಹರಾಜೊಂದರಲ್ಲಿ ಕ್ರಿಸ್ತನ ಚಿತ್ರವಿದ್ದ ಹಳೆಯ ಮರದ ಹಲಗೆಯೊಂದು 45 ಪೌಂಡಿಗೆ ಮಾರಾಟವಾಯಿತು. ಹರಾಜಿನ ಪಟ್ಟಿಯಲ್ಲಿ ಅದರ ಮುಂದಿದ್ದ ಹೆಸರು ಬೋಲ್ಟ್ರಾಫಿಯೊ. ಈತ ಲಿಯೊನಾರ್ಡೊ ಡಾ ವಿಂಚಿಯ ಶಿಷ್ಯರಲ್ಲಿ ಒಬ್ಬ. 2017ರ ನವೆಂಬರ್ 15ರಂದು ನ್ಯೂಯಾರ್ಕಿನಲ್ಲಿ ಅದೇ ಹಲಗೆ 45 ಕೋಟಿ ಡಾಲರುಗಳಿಗೂ ಹೆಚ್ಚಿನ ಬೆಲೆಗೆ ಹರಾಜಾಯಿತು. ಈ ಬಾರಿ ಪಟ್ಟಿಯಲ್ಲಿದ್ದ ಹೆಸರು ಗುರುವಿನದು. ಅದೇ 'ಸಾಲ್ವತೊರ್ ಮುಂಡಿ', ಅಂದರೆ ಲೋಕರಕ್ಷಕ ಎಂಬ ಚಿತ್ರ. ನಡುವಿನ ಅವಧಿಯಲ್ಲಿ ಚಿತ್ರದ ಮೇಲೆ ಯಾರೋ ಬಳಿದಿದ್ದ ಬಣ್ಣವನ್ನು ತೆಗೆದು, ಹಾಳಾದ ಕಡೆಗಳನ್ನು ತುಂಬಿ ಸರಿಪಡಿಸಿದ್ದು ನಿಜ. ಆದರೆ ಮರ ಅದೇ, ಮೂಲ ಬಣ್ಣದ ಪದರಗಳೂ ಅವೇ. ಬೆಲೆಯನ್ನು ಇಷ್ಟು ಎತ್ತರಕ್ಕೇರಿಸಿದ್ದು ಹೆಸರಿನ ಬದಲಾವಣೆ.

ಹೀಗೆ ಹೆಸರು ಬದಲಾಗುವಾಗಲೆಲ್ಲ ಪತ್ರಿಕೆಗಳಲ್ಲಿ ಒಂದು ಮಾತು ತಪ್ಪದೆ ಕಾಣಿಸಿಕೊಳ್ಳುತ್ತದೆ: 'ವೈಜ್ಞಾನಿಕ ಪರೀಕ್ಷೆಯಿಂದ ಸಾಬೀತಾಗಿದೆ'. ಎಕ್ಸ್-ಕಿರಣ, ಅವಕೆಂಪು ಕಿರಣ, ವಿಕಿರಣಶೀಲ ಇಂಗಾಲ, ಈಚೆಗೆ ಕಂಪ್ಯೂಟರಿನ ನರಜಾಲ – ಇವೆಲ್ಲ ಸಾಕ್ಷಿ ಕಟ್ಟೆಗೆ ಬಂದು ನಿಂತಿವೆ. ಇವು ನುಡಿಯುವ ಸಾಕ್ಷ್ಯ ಎಂಥದು? ಯಾವ ಪ್ರಶ್ನೆಗೆ ಇವು ಉತ್ತರ ಕೊಡಬಲ್ಲವು, ಯಾವುದಕ್ಕೆ ಕೊಡಲಾರವು? ಕಳೆದ ಮೂರು ದಶಕಗಳಲ್ಲಿ ಲಿಯೊನಾರ್ಡೊ ಮತ್ತು ಅವನ ಶಿಷ್ಯವರ್ಗದ ಚಿತ್ರಗಳ ಮೇಲೆ ನಡೆದ ಕೆಲವು ಮುಖ್ಯ ಪರೀಕ್ಷೆಗಳನ್ನು ಈ ದೃಷ್ಟಿಯಿಂದ ತೂಗಿ ನೋಡುವುದು ಈ ಲೇಖನದ ಉದ್ದೇಶ. ವಿಷಯ ಕಲೆಯದಾದರೂ ಪಾಠ ವಿಜ್ಞಾನದ್ದೇ.

ಒಂದೇ ಸೂರಿನಡಿ ಗುರು ಮತ್ತು ಶಿಷ್ಯರು

ಲಿಯೊನಾರ್ಡೊ (1452–1519) ಸುಮಾರು 1482ರಲ್ಲಿ ಫ್ಲಾರೆನ್ಸ್ ಬಿಟ್ಟು ಮಿಲಾನ್ ಸೇರಿದ. 1499ರವರೆಗೆ ಅಲ್ಲಿದ್ದ, ಮುಂದೆ ಮತ್ತೊಮ್ಮೆ ಅಲ್ಲಿಗೇ ಮರಳಿದ. ಜೊವಾನಿ ಅಂತೋನಿಯೊ ಬೋಲ್ಟ್ರಾಫಿಯೊ, ಮಾರ್ಕೊ ದೊಜ್ಜೊನೊ, 1490ರಲ್ಲಿ ಹತ್ತು ವರ್ಷದ ಹುಡುಗನಾಗಿ ಬಂದು ಸೇರಿದ ಸಲಾಯಿ, ಕೊನೆಗಾಲದವರೆಗೂ ಜೊತೆಗಿದ್ದ ಫ್ರಾಂಚೆಸ್ಕೊ ಮೆಲ್ಸಿ ಮೊದಲಾದವರು ಅವನ ಬಳಿ ಕಲಿತರು. ಜಾಂಪಿಯೆತ್ರಿನೊ, ಬೆರ್ನಾರ್ದಿನೊ ಲುಯಿನಿ ಮುಂತಾದವರು ಅವನ ಮಾದರಿಯನ್ನು ಅನುಸರಿಸಿದರು.

ಆ ಕಾಲದ ಚಿತ್ರಶಾಲೆಯನ್ನು ಇಂದಿನ ಕಲಾವಿದನ ಏಕಾಂತದ ಕೋಣೆಯಂತೆ ಕಲ್ಪಿಸಿಕೊಳ್ಳಬಾರದು. ಅದು ನಮ್ಮ ಶಿಲ್ಪಿಗಳ ಅಥವಾ ಅಕ್ಕಸಾಲಿಗರ ಮನೆಯಂತೆ. ಕಲಿಯುವವರು ಬಣ್ಣ ಅರೆಯುತ್ತಾರೆ, ಹಲಗೆಗೆ ಅಸ್ತರು ಬಳಿಯುತ್ತಾರೆ, ಗುರು ಬರೆದ ನಕ್ಷೆಯನ್ನು ಹಲಗೆಗೆ ಇಳಿಸುತ್ತಾರೆ, ಬಟ್ಟೆ, ಬೆಟ್ಟ, ಹಿನ್ನೆಲೆಗಳನ್ನು ತುಂಬುತ್ತಾರೆ. ನಕ್ಷೆ ಇಳಿಸುವ ಕ್ರಮ ನಮಗೆ ಹೊಸತಲ್ಲ. ದೊಡ್ಡ ಕಾಗದದ ಮೇಲೆ ಬರೆದ ಚಿತ್ರದ ಗೆರೆಗಳ ಗುಂಟ ಸೂಜಿಯಿಂದ ಚುಚ್ಚಿ, ತೂತುಗಳ ಮೂಲಕ ಇದ್ದಿಲ ಪುಡಿಯನ್ನು ಉದುರಿಸಿದರೆ ಕೆಳಗಿನ ಹಲಗೆಯಲ್ಲಿ ಚುಕ್ಕಿಗಳ ಚಿತ್ರ ಮೂಡುತ್ತದೆ. ರಂಗೋಲಿಯ ತೂತಿನ ಅಚ್ಚು ಕೆಲಸ ಮಾಡುವುದೂ ಹೀಗೆಯೇ. ಒಂದು ಕಾಗದದಿಂದ ಎಷ್ಟು ಹಲಗೆಗಳಿಗೆ ಬೇಕಾದರೂ ಚಿತ್ರ ಇಳಿಸಬಹುದು.

ಇಲ್ಲಿ ಒಂದು ಲಿಖಿತ ಸಾಕ್ಷ್ಯವಿದೆ. 1501ರ ಏಪ್ರಿಲ್ 3ರಂದು ಪಿಯೆತ್ರೊ ದ ನೊವೆಲ್ಲಾರ ಎಂಬ ಪಾದ್ರಿ ಮಾಂಟುವದ ಅರಸಿ ಇಸಬೆಲ್ಲಾ ದೆಸ್ತೆಗೆ ಒಂದು ಪತ್ರ ಬರೆದ. ಲಿಯೊನಾರ್ಡೊನ ಇಬ್ಬರು ಸಹಾಯಕರು ನಕಲು ಚಿತ್ರಗಳನ್ನು ಬರೆಯುತ್ತಿದ್ದಾರೆ, ಗುರು ಆಗಾಗ ಕೆಲವಕ್ಕೆ ತಾನೂ ಕೈ ಹಾಕುತ್ತಾನೆ ಎಂಬ ವಿವರ ಅದರಲ್ಲಿದೆ. ಈ ಒಂದು ಸಾಲಿನ ಸುದ್ದಿಯನ್ನು ಗಂಭೀರವಾಗಿ ತೆಗೆದುಕೊಂಡರೆ, 'ಈ ಚಿತ್ರ ಗುರುವಿನದೋ ಶಿಷ್ಯನದೋ' ಎಂಬ ನಮ್ಮ ಪ್ರಶ್ನೆಯೇ ಕೆಲವು ಚಿತ್ರಗಳ ಮಟ್ಟಿಗೆ ಸರಿಯಾದ ಪ್ರಶ್ನೆಯಲ್ಲ ಎಂದಾಗುತ್ತದೆ. ಒಂದೇ ಹಲಗೆಯ ಮೇಲೆ ಎರಡು, ಮೂರು ಕೈಗಳಿರಬಹುದು.

ಉಪಕರಣಗಳು ನೋಡುವುದು ಏನನ್ನು?

ಚಿತ್ರವೊಂದರ ಬಗ್ಗೆ ಮೂರು ಬಗೆಯ ಪ್ರಶ್ನೆಗಳನ್ನು ಕೇಳಬಹುದು. ಒಂದು, ಇದರಲ್ಲಿ ಯಾವ ವಸ್ತುಗಳಿವೆ? ಎರಡು, ಯಾವ ಕ್ರಮದಲ್ಲಿ ಇದನ್ನು ಕಟ್ಟಲಾಗಿದೆ? ಮೂರು, ಕುಂಚ ಹಿಡಿದ ಕೈ ಯಾರದು? ಮೊದಲ ಎರಡಕ್ಕೆ ಉಪಕರಣಗಳು ನೇರ ಉತ್ತರ ಕೊಡುತ್ತವೆ. ಮೂರನೆಯದಕ್ಕೆ ಯಾವ ಉಪಕರಣವೂ ನೇರವಾಗಿ ಉತ್ತರಿಸುವುದಿಲ್ಲ. ಅಲ್ಲಿ ದೊರೆಯುವುದು ಅನುಮಾನ, ಅಂದರೆ ತರ್ಕದಿಂದ ಪಡೆದ ತೀರ್ಮಾನ ಮಾತ್ರ.

ಮೊದಲಿಗೆ ಅವಕೆಂಪು ಪ್ರತಿಫಲನ ಚಿತ್ರಣವನ್ನು ನೋಡೋಣ. 1960ರ ದಶಕದಲ್ಲಿ ಡಚ್ ಸಂಶೋಧಕ ಫಾನ್ ಆಸ್ಪೆರೆನ್ ಡಿ ಬೂರ್ ಇದನ್ನು ರೂಢಿಗೆ ತಂದರು. ಬೆಳಕಿನ ತರಂಗಾಂತರ ಹೆಚ್ಚಿದಂತೆ ಬಣ್ಣದ ಕಣಗಳು ಅದನ್ನು ಚದರಿಸುವುದು ಕಡಿಮೆಯಾಗುತ್ತದೆ. ಸುಮಾರು 1,000ದಿಂದ 2,000 ನ್ಯಾನೊಮೀಟರ್ ತರಂಗಾಂತರದಲ್ಲಿ ಎಷ್ಟೋ ಬಣ್ಣಗಳು ಪಾರದರ್ಶಕವಾಗುತ್ತವೆ. ಆದರೆ ಇದ್ದಿಲು, ಕಾಡಿಗೆಯಂಥ ಇಂಗಾಲದ ಕಪ್ಪು ಆ ಕಿರಣಗಳನ್ನೂ ಹೀರಿಕೊಂಡು ಕಪ್ಪಾಗಿಯೇ ಕಾಣುತ್ತದೆ. ಹೀಗಾಗಿ ಬಣ್ಣದ ಕೆಳಗೆ ಅಡಗಿದ ಕರಡು ರೇಖೆಗಳು ಹೊರಬೀಳುತ್ತವೆ. ಆದರೆ ಒಂದು ಎಚ್ಚರಿಕೆ: ಕೆಂಪು ಸೀಮೆಸುಣ್ಣ, ಕಬ್ಬಿಣದ ಲವಣದಿಂದ ಮಾಡಿದ ಹಳೆಯ ಶಾಯಿ ಇವು ಅವಕೆಂಪಿನಲ್ಲಿ ಮರೆಯಾಗುತ್ತವೆ. 'ಕರಡು ಕಾಣಲಿಲ್ಲ' ಎಂದರೆ 'ಕರಡು ಇರಲಿಲ್ಲ' ಎಂದು ಅರ್ಥವಲ್ಲ.

ಎರಡನೆಯದು ಎಕ್ಸ್-ಕಿರಣ ಪ್ರತಿದೀಪ್ತಿ. ಎಕ್ಸ್-ಕಿರಣ ತಾಗಿದ ಪರಮಾಣು ತನ್ನದೇ ಆದ ಶಕ್ತಿಯ ಎಕ್ಸ್-ಕಿರಣವನ್ನು ಹೊರಸೂಸುತ್ತದೆ. ಅದನ್ನು ಅಳೆದರೆ ಧಾತು ಯಾವುದೆಂದು ತಿಳಿಯುತ್ತದೆ. ಸೀಸ ಕಂಡರೆ ಸೀಸದ ಬಿಳಿ, ಪಾದರಸ ಕಂಡರೆ ಇಂಗಳೀಕ, ತಾಮ್ರ ಕಂಡರೆ ನೀಲಿ ಅಥವಾ ಹಸಿರು ತಾಮ್ರದ ಬಣ್ಣ ಎಂದು ಊಹಿಸಬಹುದು. ಆದರೆ ಇದಕ್ಕೂ ಮಿತಿಯಿದೆ. ಅತಿ ಬೆಲೆಯ ನೀಲಿಯಾಗಿದ್ದ ಲ್ಯಾಪಿಸ್ ಲಾಜುಲಿಯಲ್ಲಿರುವುದು ಸೋಡಿಯಂ, ಅಲ್ಯೂಮಿನಿಯಂ, ಸಿಲಿಕಾನ್, ಗಂಧಕದಂಥ ಹಗುರ ಧಾತುಗಳು. ಅವುಗಳ ದುರ್ಬಲ ಕಿರಣಗಳನ್ನು ವಾರ್ನಿಷ್ ಮತ್ತು ಗಾಳಿ ನುಂಗಿಬಿಡುತ್ತವೆ. ಇಂಥಲ್ಲಿ ನೆರವಿಗೆ ಬರುವುದು 1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದ ಪರಿಣಾಮವನ್ನು ಆಧರಿಸಿದ ರಾಮನ್ ರೋಹಿತ ವಿಧಾನ. ಧಾತುವಿನ ಬದಲು ಅಣುವಿನ ಕಂಪನವನ್ನೇ ಗುರುತಿಸುವ ಅದು ಲ್ಯಾಪಿಸ್ ಲಾಜುಲಿಯನ್ನು ಸುಲಭವಾಗಿ ಪತ್ತೆ ಮಾಡುತ್ತದೆ.

ಈಗ ಮುಖ್ಯ ಪ್ರಶ್ನೆ. ಗುರು ಬಳಸಿದ ಸೀಸದ ಬಿಳಿಯನ್ನು ಅರೆದವನು ಶಿಷ್ಯ. ಶಿಷ್ಯ ತನ್ನ ಚಿತ್ರಕ್ಕೆ ಬಳಸಿದ್ದೂ ಅದೇ ಬೋಗುಣಿಯ ಬಿಳಿಯನ್ನು. ಇಬ್ಬರ ನಕ್ಷೆಯೂ ಒಂದೇ ಕಾಗದದಿಂದ ಇಳಿದದ್ದು. ಹೀಗಿರುವಾಗ ಯಾವ ರೋಹಿತ ತಾನೇ ಇಬ್ಬರನ್ನು ಬೇರ್ಪಡಿಸೀತು?

ಮ್ಯಾಡ್ರಿಡ್‌ನ ಮೋನಾ ಲಿಸಾ

ಈ ಕ್ಷೇತ್ರದಲ್ಲಿ ನಡೆದ ಒಳ್ಳೆಯ ಕೆಲಸಕ್ಕೆ ಮಾದರಿಯಾಗಿ ಸ್ಪೇನಿನ ಪ್ರಾಡೊ ಸಂಗ್ರಹಾಲಯದ ಅಧ್ಯಯನವನ್ನು ಹೆಸರಿಸಬೇಕು. ಅಲ್ಲಿ ಮೋನಾ ಲಿಸಾಳ ಹಳೆಯ ನಕಲೊಂದಿತ್ತು. ಹಿನ್ನೆಲೆ ಬರೀ ಕಪ್ಪು. ಬಹುಕಾಲ ಯಾರೂ ಅದನ್ನು ಅಷ್ಟಾಗಿ ಗಮನಿಸಿರಲಿಲ್ಲ. 2011–12ರಲ್ಲಿ ಪರೀಕ್ಷಿಸಿದಾಗ ಆ ಕಪ್ಪು 18ನೇ ಶತಮಾನದ ನಡುಭಾಗಕ್ಕಿಂತ ಹಿಂದಿನದಲ್ಲ, ಯಾರೋ ಆಮೇಲೆ ಬಳಿದದ್ದು ಎಂದು ತಿಳಿಯಿತು. ಅವಕೆಂಪು ಚಿತ್ರಣದಲ್ಲಿ ಕಪ್ಪಿನಡಿ ಲೂವ್ರ್ ಚಿತ್ರದಲ್ಲಿರುವಂಥದೇ ಬೆಟ್ಟ, ನದಿಗಳ ಹಿನ್ನೆಲೆ ಕಾಣಿಸಿತು. ಕಪ್ಪನ್ನು ತೆಗೆದಾಗ ಅದು ಬಹುಮಟ್ಟಿಗೆ ಸುಸ್ಥಿತಿಯಲ್ಲಿತ್ತು. ಹಲಗೆ ಅಕ್ರೋಟು ಮರದ್ದು. ಬಳಸಿದ ವಸ್ತುಗಳಲ್ಲಿ ಲ್ಯಾಪಿಸ್ ಲಾಜುಲಿ ಇತ್ತು. ಅಂದರೆ ಇದು ಅಗ್ಗದ ನಕಲಲ್ಲ.

ಇದಕ್ಕಿಂತ ಮಹತ್ವದ್ದು ಕರಡು ರೇಖೆಗಳ ಸಾಕ್ಷ್ಯ. ಲೂವ್ರ್‌ನ ಮೂಲಚಿತ್ರದಲ್ಲಿ ಲಿಯೊನಾರ್ಡೊ ಬರೆಯುತ್ತ ಬರೆಯುತ್ತ ಸೊಂಟದ ಅಂಚು, ಬೆರಳುಗಳ ಸ್ಥಾನ ಮುಂತಾದವನ್ನು ತಿದ್ದಿದ್ದಾನೆ. ಈ ತಿದ್ದುಪಡಿಗಳು ಬಣ್ಣದ ಕೆಳಗೆ ಹೂತುಹೋಗಿವೆ, ಬರಿಗಣ್ಣಿಗೆ ಕಾಣುವುದಿಲ್ಲ. ಅದೇ ತಿದ್ದುಪಡಿಗಳು ಪ್ರಾಡೊ ಚಿತ್ರದ ಬಣ್ಣದ ಕೆಳಗೂ ಇವೆ! ಮುಗಿದ ಚಿತ್ರವನ್ನು ಎದುರಿಗಿಟ್ಟುಕೊಂಡು ನಕಲು ಮಾಡಿದವನಿಗೆ ಮೂಲದ ಒಡಲಲ್ಲಿ ಹುದುಗಿದ ತಿದ್ದುಪಡಿ ಗೊತ್ತಾಗುವ ಬಗೆಯಿಲ್ಲ. ಆದ್ದರಿಂದ ಎರಡೂ ಚಿತ್ರಗಳು ಒಂದೇ ಚಿತ್ರಶಾಲೆಯಲ್ಲಿ ಜೊತೆಜೊತೆಯಾಗಿ ಬೆಳೆದವು, ಗುರು ತಿದ್ದಿದಂತೆಲ್ಲ ಪಕ್ಕದಲ್ಲಿದ್ದ ಶಿಷ್ಯನೂ ತಿದ್ದಿದ ಎಂಬುದು ಸಂಶೋಧಕರ ತೀರ್ಮಾನ.

ಈ ವಾದದ ಸೊಗಸನ್ನು ಗಮನಿಸಿ. ಇಲ್ಲಿ ಕೇಳಿದ ಪ್ರಶ್ನೆ 'ಯಾವ ಕ್ರಮದಲ್ಲಿ' ಎಂಬ ಎರಡನೆಯ ಬಗೆಯದು. ಉಪಕರಣ ಉತ್ತರಿಸಬಲ್ಲ ಪ್ರಶ್ನೆ ಅದು. ಪರ್ಯಾಯ ಊಹೆಯನ್ನು – ಮುಗಿದ ಚಿತ್ರದ ನಕಲು ಎಂಬುದನ್ನು – ಸಾಕ್ಷ್ಯ ನೇರವಾಗಿ ತಳ್ಳಿಹಾಕುತ್ತದೆ. ಆದರೆ ಶಿಷ್ಯ ಯಾರು? ಸಲಾಯಿಯೋ ಮೆಲ್ಸಿಯೋ? 2012ರಲ್ಲಿ ಸುದ್ದಿಪತ್ರಿಕೆಗಳು ಈ ಹೆಸರುಗಳ ಹಿಂದೆ ಬಿದ್ದವು. ರೋಹಿತವಾಗಲಿ ಅವಕೆಂಪಾಗಲಿ ಆ ಹೆಸರನ್ನು ಹೇಳಿರಲಿಲ್ಲ. 2021ರಲ್ಲಿ ಪ್ರಾಡೊ ಇದೇ ಚಿತ್ರದ ಸುತ್ತ ಪ್ರದರ್ಶನ ಏರ್ಪಡಿಸಿದಾಗಲೂ ಅದನ್ನು ಲಿಯೊನಾರ್ಡೊ ಚಿತ್ರಶಾಲೆಯ ಕೃತಿ ಎಂದೇ ಕರೆಯಿತು. ಸಾಕ್ಷ್ಯ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಯೇ ಮಾತೂ ನಿಲ್ಲಬೇಕೆಂಬ ಸಂಯಮ ಇದು.

ಹೆಬ್ಬೆರಳಿನ ವಾದ

ಈಗ 'ಸಾಲ್ವತೊರ್ ಮುಂಡಿ'ಗೆ ಮರಳೋಣ. 2005ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಹರಾಜಿನಲ್ಲಿ ಈ ಚಿತ್ರ ಅಲ್ಪ ಬೆಲೆಗೆ ಕೈಬದಲಾಯಿತು. ಶುಚಿಗೊಳಿಸುವಾಗ ಆಶೀರ್ವದಿಸುವ ಕೈಯ ಹೆಬ್ಬೆರಳು ಮೊದಲು ಬೇರೆ ಸ್ಥಾನದಲ್ಲಿತ್ತು, ಆಮೇಲೆ ಅದನ್ನು ಬದಲಿಸಲಾಗಿದೆ ಎಂದು ಕಂಡುಬಂತು. ಅವಕೆಂಪು ಚಿತ್ರಣದಲ್ಲಿ ಅದು ಸ್ಪಷ್ಟವಾಯಿತು. ಇದರಿಂದ ಹುಟ್ಟಿದ ವಾದ ಹೀಗೆ: ನಕಲು ಮಾಡುವವನು ಮೂಲದಲ್ಲಿರುವುದನ್ನು ಹಾಗೆಯೇ ಇಳಿಸುತ್ತಾನೆ, ಯೋಚಿಸಿ ಬದಲಿಸುವುದಿಲ್ಲ. ಬದಲಾವಣೆ ಇದೆಯೆಂದರೆ ಇದು ಮೂಲ, ಗುರುವಿನ ಕೈ.

ಕೇಳಲು ಇದು ಒಪ್ಪುವಂತಿದೆ. ಆದರೆ ಪ್ರಾಡೊ ಚಿತ್ರದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಅಲ್ಲಿಯೂ ಬಣ್ಣದಡಿ ತಿದ್ದುಪಡಿಗಳಿವೆ, ಒಂದಲ್ಲ, ಹಲವು. ಆದರೂ ಅದು ಶಿಷ್ಯನ ಕೃತಿ ಎಂದು ಎಲ್ಲರೂ ಒಪ್ಪುತ್ತಾರೆ. ಅಂದರೆ ಒಂದೇ ಬಗೆಯ ಸಾಕ್ಷ್ಯವನ್ನು ಒಂದು ಕಡೆ ಗುರುವಿನ ಕೈಗೂ ಇನ್ನೊಂದು ಕಡೆ ಶಿಷ್ಯನ ಕೈಗೂ ಆಧಾರವಾಗಿ ಬಳಸಿದಂತಾಯಿತು!

ತರ್ಕದ ದೃಷ್ಟಿಯಿಂದ ಇದನ್ನು ಬಿಡಿಸಿ ಹೇಳಬಹುದು. ಒಂದು ಸಾಕ್ಷ್ಯದ ತೂಕ ಎಷ್ಟು ಎಂಬುದು, ಊಹೆ ಸರಿಯಿದ್ದರೆ ಅದು ಕಾಣಿಸಿಕೊಳ್ಳುತ್ತದೆಯೇ ಎಂಬುದರಿಂದಷ್ಟೇ ನಿರ್ಧಾರವಾಗುವುದಿಲ್ಲ. ಊಹೆ ತಪ್ಪಿದ್ದರೂ ಅದು ಕಾಣಿಸಿಕೊಳ್ಳಬಹುದೇ ಎಂದೂ ಕೇಳಬೇಕು. ಜ್ವರ ಮಲೇರಿಯಾದಲ್ಲೂ ಬರುತ್ತದೆ, ಟೈಫಾಯಿಡ್‌ನಲ್ಲೂ ಬರುತ್ತದೆ. ಹಾಗಾಗಿ ಜ್ವರವೊಂದನ್ನೇ ನೋಡಿ ಇವೆರಡರಲ್ಲಿ ಯಾವುದೆಂದು ಹೇಳಲಾಗದು. ಹೆಬ್ಬೆರಳಿನ ತಿದ್ದುಪಡಿ ಬಹಳ ಕಾಲದ ಮೇಲೆ ಬೇರೆಲ್ಲೋ ಆದ ಯಾಂತ್ರಿಕ ನಕಲಿನ ಸಾಧ್ಯತೆಯನ್ನು ಕುಗ್ಗಿಸುತ್ತದೆ, ಅದು ನಿಜವಾದ ಲಾಭ. ಆದರೆ ಗುರುವಿನ ಕಣ್ಣೆದುರು ಕೆಲಸ ಮಾಡಿದ ಶಿಷ್ಯನನ್ನೂ ಗುರುವನ್ನೂ ಅದು ಬೇರ್ಪಡಿಸುವುದಿಲ್ಲ. ಈ ಹಲಗೆಯೂ ಅಕ್ರೋಟು ಮರದ್ದೇ ಎಂಬುದು ಕೂಡ ಹಾಗೆಯೇ. ಗುರು ಆ ಮರ ಬಳಸಿದ, ಶಿಷ್ಯರೂ ಬಳಸಿದರು.

ನ್ಯಾಯವಾಗಿ ಹೇಳುವುದಾದರೆ, ಚಿತ್ರ ಗುರುವಿನದೇ ಎಂದವರು ಹೆಬ್ಬೆರಳೊಂದನ್ನೇ ನಂಬಿರಲಿಲ್ಲ. ವಿಂಡ್ಸರ್ ಅರಮನೆಯಲ್ಲಿರುವ ಲಿಯೊನಾರ್ಡೊನ ಬಟ್ಟೆಮಡಿಕೆಯ ಕರಡುಗಳು, 1650ರಲ್ಲಿ ಹೊಲ್ಲಾರ್ ಮಾಡಿದ ಅಚ್ಚುಚಿತ್ರ, ಚೆನ್ನಾಗಿ ಉಳಿದ ಭಾಗಗಳ ಕುಶಲತೆ ಇವೂ ಅವರ ವಾದದಲ್ಲಿದ್ದವು. 2011–12ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಇದನ್ನು ಲಿಯೊನಾರ್ಡೊನ ಕೃತಿಯೆಂದೇ ಪ್ರದರ್ಶಿಸಿತು. ಪ್ರಾಡೊದ 2021ರ ಪ್ರದರ್ಶನದ ಪುಸ್ತಕ ಇದನ್ನು ಗುರುವಿನ ಸ್ವಂತ ಕೃತಿಗಳ ಸಾಲಿನಲ್ಲಿ ಸೇರಿಸಲಿಲ್ಲ. ಎರಡೂ ಕಡೆಯ ತಜ್ಞರಿಗೆ ಪರೀಕ್ಷೆಯ ಫಲಿತಾಂಶಗಳು ಗೊತ್ತಿದ್ದವು. ಭಿನ್ನವಾದದ್ದು ಅವುಗಳಿಂದ ಎಳೆದ ತೀರ್ಮಾನ.

ಕಾಣದ ಕರಡು, ಕಂಡ ಸತು

ಲಂಡನ್ನಿನಲ್ಲಿರುವ 'ಬಂಡೆಗಳ ನಡುವಿನ ಕನ್ಯೆ ಮೇರಿ' ಚಿತ್ರ ಇನ್ನೊಂದು ಪಾಠ ಕಲಿಸುತ್ತದೆ. ಈ ಕೆಲಸಕ್ಕೆ 1483ರ ಏಪ್ರಿಲ್ 25ರಂದು ಆದ ಕರಾರಿನಲ್ಲಿ ಲಿಯೊನಾರ್ಡೊನ ಜೊತೆ ಅಂಬ್ರೋಜೊ ಮತ್ತು ಎವಾಂಜೆಲಿಸ್ತ ದೆ ಪ್ರೆದಿಸ್ ಎಂಬ ಸೋದರರ ಹೆಸರೂ ಇದೆ. ಇದೇ ವಸ್ತುವಿನ ಒಂದು ಚಿತ್ರ ಲೂವ್ರ್‌ನಲ್ಲಿದೆ, ಆಮೇಲಿನದು ಲಂಡನ್ನಿನಲ್ಲಿ. ಲಂಡನ್ ಚಿತ್ರದಲ್ಲಿ ಸಹಾಯಕರ ಪಾಲು ದೊಡ್ಡದು ಎಂಬುದು ಹಿಂದಿನ ಸಾಮಾನ್ಯ ಅಭಿಪ್ರಾಯ.

2005ರಲ್ಲಿ ಅವಕೆಂಪು ಚಿತ್ರಣದಿಂದ ಈ ಚಿತ್ರದ ಕೆಳಗೆ ಪೂರ್ತಿ ಬೇರೆಯದೇ ಆದ ರಚನೆಯೊಂದರ ರೇಖೆಗಳು ಕಂಡವು. 2019ರಲ್ಲಿ ಇಡೀ ಚಿತ್ರವನ್ನು ಎಕ್ಸ್-ಕಿರಣ ಪ್ರತಿದೀಪ್ತಿಯಿಂದ ಬಿಂದು ಬಿಂದುವಾಗಿ ಶೋಧಿಸಿದಾಗ ಅವಕೆಂಪಿಗೆ ಸರಿಯಾಗಿ ಸಿಗದಿದ್ದ ದೇವದೂತ ಮತ್ತು ಮಗುವಿನ ಮೊದಲ ರೂಪಗಳು ಹೊರಬಂದವು. ಕಾರಣ ಸರಳ: ಆ ರೇಖೆಗಳಿಗೆ ಬಳಸಿದ ದ್ರವ್ಯದಲ್ಲಿ ಸ್ವಲ್ಪ ಸತು ಇತ್ತು. ಸತುವಿನ ಹಂಚಿಕೆಯ ನಕ್ಷೆಯೇ ಕರಡಿನ ನಕ್ಷೆಯಾಯಿತು. ಒಂದು ವಿಧಾನಕ್ಕೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

2008–10ರಲ್ಲಿ ಹಳದಿಗಟ್ಟಿದ್ದ ವಾರ್ನಿಷನ್ನು ತೆಗೆದ ಮೇಲೆ ಗ್ಯಾಲರಿಯ ತಜ್ಞರು ತಮ್ಮ ಅಭಿಪ್ರಾಯ ಬದಲಿಸಿದರು. ಇಡೀ ಚಿತ್ರವನ್ನು ಲಿಯೊನಾರ್ಡೊ ಒಬ್ಬನೇ ಬರೆದಿರಬಹುದು, ಕೆಲವು ಭಾಗ ಅಪೂರ್ಣವಾಗಿ ಉಳಿದಿರಬಹುದು ಎಂದರು. ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು. ಕೆಳಗಿನ ರೇಖೆಗಳು ಹೇಳುವುದು ರಚನೆಯನ್ನು ಯೋಚಿಸಿದವನ ಬಗ್ಗೆ. ಮೇಲಿನ ಬಣ್ಣ ಹೇಳಬೇಕಾದದ್ದು ಅದನ್ನು ಬಳಿದವನ ಬಗ್ಗೆ. ಇವರಿಬ್ಬರೂ ಒಬ್ಬರೇ ಆಗಿರಬೇಕಾಗಿಲ್ಲ. ಮೇಲಿನ ಬಣ್ಣದ ಕುರಿತ ಹೊಸ ಅಭಿಪ್ರಾಯಕ್ಕೆ ಮುಖ್ಯ ಆಧಾರ ಶುಚಿಯಾದ ಮೇಲೆ ಕಂಡ ಗುಣಮಟ್ಟ. ಗುಣಮಟ್ಟ ಅಳೆಯುವುದು ಪಳಗಿದ ಕಣ್ಣು, ಉಪಕರಣವಲ್ಲ. ಪಳಗಿದ ಕಣ್ಣಿನ ತೀರ್ಪು ಕೀಳೆಂದಲ್ಲ. ಆದರೆ ಅದನ್ನು ಎಕ್ಸ್-ಕಿರಣದ ತೀರ್ಪು ಎಂಬಂತೆ ವರದಿ ಮಾಡುವುದು ತಪ್ಪು.

ಹೋಲಿಕೆಗೆ ಮಾದರಿ ಎಲ್ಲಿ?

2010ರಲ್ಲಿ ಫಿಲಿಪ್ ವಾಲ್ಟರ್ ಮತ್ತು ಸಂಗಡಿಗರು ಜರ್ಮನಿಯ 'ಆಂಗೆವಾಂಟೆ ಕೆಮಿ' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಬಹು ಪ್ರಸಿದ್ಧವಾಯಿತು. ಲಿಯೊನಾರ್ಡೊನ ಚಿತ್ರಗಳಲ್ಲಿ ಬೆಳಕು ನೆರಳಿಗೆ ಗೆರೆಯಿಲ್ಲದೆ, ಹೊಗೆಯಂತೆ ಕರಗುತ್ತದೆ. ಇದಕ್ಕೆ ಇಟಲಿಯಲ್ಲಿ 'ಸ್ಫುಮಾತೊ' ಎಂದು ಹೆಸರು. ಈ ತಂಡ ಲೂವ್ರ್‌ನ ಏಳು ಚಿತ್ರಗಳ ಮುಖಗಳ ಮೇಲೆ ಎಕ್ಸ್-ಕಿರಣ ಹಾಯಿಸಿ, ಹೊರಬರುವ ಕಿರಣಗಳ ತೀವ್ರತೆಯಿಂದ ಪದರಗಳ ದಪ್ಪವನ್ನು ಲೆಕ್ಕಹಾಕಿತು. ಚಿತ್ರದಿಂದ ಒಂದು ಕಣವನ್ನೂ ಕೀಳದೆ ಮಾಡಿದ ಅಳತೆ ಇದು. ಕೆಲವು ಪದರಗಳ ದಪ್ಪ ಕೇವಲ 1–2 ಮೈಕ್ರೊಮೀಟರ್, ಎಲ್ಲ ಸೇರಿ 30–40 ಮೈಕ್ರೊಮೀಟರ್ ಎಂದರೆ ಕೂದಲೆಳೆಯ ಸುಮಾರು ಅರ್ಧದಷ್ಟು ದಪ್ಪ!

ಅಳತೆ ಅದ್ಭುತ, ಅನುಮಾನವೇ ಇಲ್ಲ. ಆದರೆ ವಿಜ್ಞಾನದ ವಿದ್ಯಾರ್ಥಿ ಕೇಳಬೇಕಾದ ಮೊದಲ ಪ್ರಶ್ನೆ: ಹೋಲಿಕೆಯ ಮಾದರಿ ಎಲ್ಲಿ? ಔಷಧದ ಪರಿಣಾಮ ತಿಳಿಯಬೇಕಾದರೆ ಔಷಧ ಕೊಡದ ಗುಂಪೂ ಬೇಕಲ್ಲವೇ? ಆ ಏಳರ ಪಟ್ಟಿಯಲ್ಲಿ ಬೋಲ್ಟ್ರಾಫಿಯೊನ ಅಥವಾ ಮಾರ್ಕೊ ದೊಜ್ಜೊನೊನ ಹೆಸರಿನ ಒಂದು ಚಿತ್ರವೂ ಇರಲಿಲ್ಲ. ಅಷ್ಟೇ ಅಲ್ಲ, ಏಳರಲ್ಲಿ ಒಂದಾದ 'ಬ್ಯಾಕಸ್' ಶಿಷ್ಯರ ಕೆಲಸವೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಹೀಗಿರುವಾಗ ತೆಳು ಪದರಗಳು 'ಗುರುವಿನ ಗುಟ್ಟು' ಎನ್ನಲು ಆ ಅಳತೆಗಳಷ್ಟೇ ಸಾಲವು. ಅವು ಶಿಷ್ಯರಿಗೂ ಕಲಿಸಿದ ಕಸುಬಾಗಿದ್ದಿರಬಹುದು.

2023ರಲ್ಲಿ ವಿಕ್ಟರ್ ಗೊನ್ಸಾಲೆಸ್ ಮತ್ತು ಸಂಗಡಿಗರು ಮೋನಾ ಲಿಸಾಳ ಅಸ್ತರಿನಿಂದ ತೆಗೆದ ಕಣ್ಣಿಗೆ ಕಾಣದಷ್ಟು ಚಿಕ್ಕ ಚೂರಿನಲ್ಲಿ ಪ್ಲಂಬೊನಾಕ್ರೈಟ್ ಎಂಬ ಅಪರೂಪದ ಸೀಸದ ಸಂಯುಕ್ತವನ್ನು ಪತ್ತೆ ಮಾಡಿದರು. ಸೀಸದ ಆಕ್ಸೈಡನ್ನು ಎಣ್ಣೆಯೊಂದಿಗೆ ಬೆರೆಸಿ, ಬೇಗ ಒಣಗುವ ದಪ್ಪ ಅಸ್ತರನ್ನು ತಯಾರಿಸಿದ್ದರ ಕುರುಹು ಅದು. 'ಕೊನೆಯ ಭೋಜನ'ದ ಮಾದರಿಗಳಲ್ಲೂ ಅಂಥ ಕುರುಹು ಸಿಕ್ಕಿತು. ಇದು ನಿಜಕ್ಕೂ ಹೊಸ ತಿಳಿವಳಿಕೆ. ಆದರೆ ನಾಳೆ ಯಾರಾದರೂ ಒಂದು ವಿವಾದಿತ ಚಿತ್ರದಲ್ಲಿ ಪ್ಲಂಬೊನಾಕ್ರೈಟ್ ಸಿಕ್ಕಿತೆಂದು ಅದಕ್ಕೆ ಗುರುವಿನ ಹೆಸರು ಹಚ್ಚಲು ಹೊರಟರೆ ಮೇಲಿನ ಪ್ರಶ್ನೆಯನ್ನೇ ಕೇಳಬೇಕು. ಅಸ್ತರು ಬಳಿಯುವುದು ಚಿತ್ರಶಾಲೆಯಲ್ಲಿ ಸಹಾಯಕರು ಮಾಡುತ್ತಿದ್ದ ಕೆಲಸ.

ಹೋಲಿಕೆಯ ಮಾದರಿಯನ್ನು ಒದಗಿಸುವ ಕೆಲಸ ಸದ್ದಿಲ್ಲದೆ ನಡೆದಿದೆ. ನ್ಯಾಷನಲ್ ಗ್ಯಾಲರಿಯ ತಾಂತ್ರಿಕ ಸಂಚಿಕೆಯಲ್ಲಿ 1996ರಲ್ಲಿ ಲ್ಯಾರಿ ಕೀತ್ ಮತ್ತು ಅಶೋಕ್ ರಾಯ್ ಅವರು ಜಾಂಪಿಯೆತ್ರಿನೊ ಮತ್ತು ಬೋಲ್ಟ್ರಾಫಿಯೊರ ಚಿತ್ರಗಳನ್ನೇ ವಿಷಯವಾಗಿಟ್ಟುಕೊಂಡು ಬರೆದರು. 2011ರ ಸಂಚಿಕೆಯಲ್ಲಿ ಮರಿಕಾ ಸ್ಪ್ರಿಂಗ್ ಮತ್ತು ಸಂಗಡಿಗರು 1490ರ ದಶಕದ ಮಿಲಾನಿನ ಚಿತ್ರಕಾರರ ಅಭ್ಯಾಸಗಳನ್ನು ಒಟ್ಟಾಗಿ ಪರಿಶೀಲಿಸಿದರು. ಯಾರು ಗುರುವಿನಿಂದ ಏನನ್ನು ಕಲಿತರು, ಏನನ್ನು ಬಿಟ್ಟರು ಎಂಬ ಪ್ರಶ್ನೆಗೆ ಹಲಗೆ, ಅಸ್ತರು, ಪದರಗಳ ಮೂಲಕ ಉತ್ತರ ಹುಡುಕುವ ಲೇಖನಗಳಿವು. ಇವು ಪತ್ರಿಕೆಗಳ ಮುಖಪುಟಕ್ಕೆ ಬರಲಿಲ್ಲ. ಮುಖಪುಟಕ್ಕೆ ಬಂದ ಸಂಶೋಧನೆಗಳ ಬೆಲೆ ಕಟ್ಟಬೇಕಾದರೆ ಇಂಥ ಬುನಾದಿ ಬೇಕೇ ಬೇಕು.

ಕಾಲಗಣನೆ ಮತ್ತು ಕಂಪ್ಯೂಟರು

ಕಾಲವನ್ನು ಅಳೆದು ಗುರುಶಿಷ್ಯರನ್ನು ಬೇರ್ಪಡಿಸಬಹುದೇ? ಯುವತಿಯೊಬ್ಬಳ ಪಾರ್ಶ್ವಮುಖದ 'ಲಾ ಬೆಲ್ಲಾ ಪ್ರಿಂಚಿಪೆಸ್ಸಾ' ಎಂಬ ಚಿತ್ರ 1998ರ ಹರಾಜಿನಲ್ಲಿ 19ನೇ ಶತಮಾನದ ಜರ್ಮನ್ ಕೃತಿ ಎನಿಸಿಕೊಂಡಿತ್ತು. ಆಮೇಲೆ ಕೆಲವರು ಅದು ಲಿಯೊನಾರ್ಡೊನದು ಎಂದರು. ಅದನ್ನು ಬರೆದ ಚರ್ಮದ ಹಾಳೆಯ ವಿಕಿರಣಶೀಲ ಇಂಗಾಲದ ಪರೀಕ್ಷೆ 1440ರಿಂದ 1650ರ ನಡುವಿನ ಕಾಲವನ್ನು ತೋರಿಸಿತು. ಈ 210 ವರ್ಷಗಳಲ್ಲಿ ಗುರು, ಶಿಷ್ಯ, ಶಿಷ್ಯನ ಶಿಷ್ಯ ಎಲ್ಲರೂ ಅಡಗುತ್ತಾರೆ. ಅಷ್ಟೇ ಅಲ್ಲ, ಅಳೆದದ್ದು ಪ್ರಾಣಿ ಸತ್ತ ಕಾಲವನ್ನೇ ಹೊರತು ಚಿತ್ರ ಬರೆದ ಕಾಲವನ್ನಲ್ಲ. ಹಳೆಯ ಖಾಲಿ ಹಾಳೆಯ ಮೇಲೆ ಯಾವಾಗ ಬೇಕಾದರೂ ಬರೆಯಬಹುದು. ಮರದ ವಾರ್ಷಿಕ ಉಂಗುರಗಳನ್ನು ಎಣಿಸುವ ವಿಧಾನ ಉತ್ತರ ಯುರೋಪಿನ ಓಕ್ ಹಲಗೆಗಳಿಗೆ ಚೆನ್ನಾಗಿ ಒದಗುತ್ತದೆ. ಇಟಲಿಯ ಅಕ್ರೋಟು, ಪಾಪ್ಲರ್ ಹಲಗೆಗಳಿಗೆ ಅದು ಅಷ್ಟಾಗಿ ಒಗ್ಗುವುದಿಲ್ಲ.

ಈಚಿನದು ಕಂಪ್ಯೂಟರಿನ ನರಜಾಲ. ಸ್ಟೀವನ್ ಫ್ರಾಂಕ್ ಮತ್ತು ಆಂಡ್ರಿಯಾ ಫ್ರಾಂಕ್ ಅವರು ಚಿತ್ರಗಳನ್ನು ಸಣ್ಣ ತುಂಡುಗಳಾಗಿಸಿ ನರಜಾಲಕ್ಕೆ ಉಣಿಸಿ, 'ಸಾಲ್ವತೊರ್ ಮುಂಡಿ'ಯ ಕೆಲವು ಭಾಗ ಲಿಯೊನಾರ್ಡೊನದು, ಕೆಲವು ಅಲ್ಲ ಎಂಬ ತೀರ್ಮಾನಕ್ಕೆ ಬಂದರು. ಒಂದೇ ಹಲಗೆಯಲ್ಲಿ ಹಲವು ಕೈಗಳಿರಬಹುದೆಂದು ಒಪ್ಪಿಕೊಂಡು ಹೊರಟದ್ದು ಈ ವಿಧಾನದ ಹೆಚ್ಚುಗಾರಿಕೆ. ಆದರೆ ಲಿಯೊನಾರ್ಡೊನದೆಂದು ಬಹುಮಟ್ಟಿಗೆ ಒಪ್ಪಿರುವ ವರ್ಣಚಿತ್ರಗಳು ಇಪ್ಪತ್ತನ್ನೂ ದಾಟುವುದಿಲ್ಲ. ಕಲಿಕೆಗೆ ಇಷ್ಟು ಕಡಿಮೆ ಸಾಮಗ್ರಿ ಇರುವಾಗ ಫಲಿತಾಂಶದ ಮೇಲೆ ಭರವಸೆಯೂ ಅಷ್ಟಕ್ಕಷ್ಟೆ. ಜೊತೆಗೆ 'ಇದು ಲಿಯೊನಾರ್ಡೊ, ಇದು ಅಲ್ಲ' ಎಂದು ಯಂತ್ರಕ್ಕೆ ಹೇಳಿಕೊಟ್ಟವರು ಮನುಷ್ಯರೇ. ತಜ್ಞರ ಕಣ್ಣಿನ ತೀರ್ಪನ್ನೇ ಯಂತ್ರ ಮರಳಿ ನುಡಿದರೆ ಅದು ಹೊಸ ಸಾಕ್ಷ್ಯವಲ್ಲ, ಪ್ರತಿಧ್ವನಿ.

ಹಾಗಾದರೆ ವಿಜ್ಞಾನದ ಪಾತ್ರವೇನು?

ಇಷ್ಟೆಲ್ಲ ಹೇಳಿದ ಮೇಲೆ ಪರೀಕ್ಷೆಗಳೇ ವ್ಯರ್ಥ ಎಂದುಕೊಳ್ಳಬಾರದು. ಅಲ್ಲಗಳೆಯುವುದರಲ್ಲಿ ವಿಜ್ಞಾನಕ್ಕೆ ಸರಿಸಾಟಿಯಿಲ್ಲ. ಮೂಲ ಪದರದಲ್ಲಿ ಪ್ರಶ್ಯನ್ ನೀಲಿ ಸಿಕ್ಕರೆ ಆ ಚಿತ್ರ 18ನೇ ಶತಮಾನಕ್ಕಿಂತ ಹಿಂದಿನದಲ್ಲ. ಟೈಟಾನಿಯಂ ಬಿಳಿ ಸಿಕ್ಕರೆ 20ನೇ ಶತಮಾನದ್ದು. ಅಲ್ಲಿಗೆ ವಾದ ಮುಗಿಯಿತು. ಎರಡನೆಯದಾಗಿ, ರಚನೆಯ ಕ್ರಮವನ್ನು ಅದು ಬಿಚ್ಚಿಡುತ್ತದೆ. ಮೂರನೆಯದಾಗಿ, ಒಂದು ಸಂದರ್ಭದಲ್ಲಿ ಅದು ಕೈಯ ಹತ್ತಿರಕ್ಕೂ ಬರುತ್ತದೆ. ಲಿಯೊನಾರ್ಡೊ ಎಡಗೈಯವನು. ನೆರಳು ತೋರಿಸಲು ಅವನು ಎಳೆಯುವ ಓರೆಗೆರೆಗಳು ಮೇಲಿನ ಎಡದಿಂದ ಕೆಳಗಿನ ಬಲಕ್ಕೆ ಇಳಿಯುತ್ತವೆ. ಬಲಗೈಯವರದು ಸಾಮಾನ್ಯವಾಗಿ ಇದಕ್ಕೆ ವಿರುದ್ಧ. ಅವಕೆಂಪಿನಲ್ಲಿ ಇಂಥ ಗೆರೆಗಳು ಕಂಡರೆ ಅದಕ್ಕೆ ತೂಕವಿದೆ, ಏಕೆಂದರೆ ಬಲಗೈಯ ಶಿಷ್ಯನಲ್ಲಿ ಅದನ್ನು ನಿರೀಕ್ಷಿಸಲಾಗದು. ಆದರೂ ಗುರುವನ್ನು ಅನುಕರಿಸುವ ಶಿಷ್ಯ ಅದನ್ನೂ ಅನುಕರಿಸಬಲ್ಲ ಎಂಬುದನ್ನು ಮರೆಯುವಂತಿಲ್ಲ.

ಇನ್ನೊಂದು ಮಾತು. ಶಿಷ್ಯರ ಚಿತ್ರಗಳನ್ನು ಗುರುವಿನ ಹೆಸರು ಸಿಗದ ಉಳಿಕೆ ಮಾಲೆಂದು ಕಾಣುವುದೇ ದೊಡ್ಡ ದೋಷ. 'ಕೊನೆಯ ಭೋಜನ' ಲಿಯೊನಾರ್ಡೊನ ಕಾಲದಲ್ಲೇ ಉದುರತೊಡಗಿತ್ತು. 1652ರಲ್ಲಿ ಆ ಗೋಡೆಯಲ್ಲಿ ಬಾಗಿಲು ಒಡೆದಾಗ ಕ್ರಿಸ್ತನ ಪಾದಗಳೇ ಹೋದವು. ಇಂದು ಆ ಪಾದಗಳನ್ನೂ ಯೂದನ ತೋಳಿನ ಬಳಿ ಉರುಳಿದ ಉಪ್ಪಿನ ಬಟ್ಟಲನ್ನೂ ನೋಡಬೇಕಾದರೆ, ಜಾಂಪಿಯೆತ್ರಿನೊನದೆನ್ನಲಾದ, ಲಂಡನ್ನಿನ ರಾಯಲ್ ಅಕಾಡೆಮಿಯ ಒಡೆತನದ ನಕಲನ್ನೇ ಆಶ್ರಯಿಸಬೇಕು. 1999ರಲ್ಲಿ ಮುಗಿದ ಮೂಲಚಿತ್ರದ ಜೀರ್ಣೋದ್ಧಾರಕ್ಕೂ ಅದು ನೆರವಾಯಿತು. ಪ್ರಾಡೊದ ಮೋನಾ ಲಿಸಾಳಿಗೆ ಹುಬ್ಬುಗಳಿವೆ. ಲೂವ್ರ್‌ನವಳಲ್ಲಿ ಅವು ಕಾಣುವುದಿಲ್ಲ. ಗುರು ಬರೆದದ್ದನ್ನು ಕಾಲ ಅಳಿಸಿದಾಗ ಶಿಷ್ಯ ಅದನ್ನು ಉಳಿಸಿಟ್ಟಿರುತ್ತಾನೆ.

ಅಧ್ಯಾಪಕರು ಇದನ್ನು ತರಗತಿಯಲ್ಲೇ ಪ್ರಯೋಗ ಮಾಡಿ ತೋರಿಸಬಹುದು. ಮೂವರು ವಿದ್ಯಾರ್ಥಿಗಳಿಗೆ ಒಂದೇ ಅಚ್ಚು, ಒಂದೇ ಬಗೆಯ ಕಾಗದ, ಒಂದೇ ಪೆನ್ಸಿಲ್ ಕೊಟ್ಟು, ನೆರಳು ತುಂಬುವಂತೆ ಹೇಳಿ. ಅವರಲ್ಲಿ ಒಬ್ಬರು ಎಡಗೈಯವರಾಗಿದ್ದರೆ ಇನ್ನೂ ಒಳ್ಳೆಯದು. ಹೆಸರು ಮುಚ್ಚಿ ಹಾಳೆಗಳನ್ನು ಬೆರೆಸಿ, ಉಳಿದವರು ಗುರುತಿಸಲಿ. ಕಾಗದ, ಗ್ರಾಫೈಟ್, ಅಚ್ಚಿನ ಅಳತೆ ಇವುಗಳ ಬಗ್ಗೆ ಎಷ್ಟು ನಿಖರವಾಗಿ ಅಳೆದರೂ ಅವು ಮೂವರನ್ನು ಬೇರ್ಪಡಿಸಲಾರವು ಎಂಬುದು ಬೇಗ ಮನವರಿಕೆಯಾಗುತ್ತದೆ. ಗೆರೆಯ ಓರೆ, ಒತ್ತಡ, ತಡವರಿಕೆ ಇವು ಸ್ವಲ್ಪ ಸುಳಿವು ಕೊಡುತ್ತವೆ, ಆಗಲೂ ತಪ್ಪುಗಳಾಗುತ್ತವೆ. ಎಷ್ಟು ಉತ್ತರ ತಪ್ಪಾಯಿತೆಂದು ಲೆಕ್ಕ ಬರೆದಿಡಿ.

ಅಳತೆಯ ನಿಖರತೆ ಒಂದು, ಪ್ರಶ್ನೆಗೆ ಅದರ ಹೊಂದಿಕೆ ಇನ್ನೊಂದು. 'ವೈಜ್ಞಾನಿಕವಾಗಿ ಸಾಬೀತು' ಎಂಬ ಸುದ್ದಿ ಓದಿದಾಗ ಅಳೆದದ್ದು ಏನನ್ನು, ಹೋಲಿಸಿದ್ದು ಯಾವುದರೊಂದಿಗೆ, ಎದುರು ಊಹೆಯೂ ಇದೇ ಫಲ ಕೊಡುತ್ತಿತ್ತೇ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ರೂಢಿ ಬೆಳೆದರೆ, ಅದು ಚಿತ್ರಕಲೆಗೆ ಮಾತ್ರವಲ್ಲ, ಔಷಧದ ಜಾಹೀರಾತಿಗೂ ಅಪರಾಧದ ತನಿಖೆಗೂ ಒದಗೀತು.